ಅಡ್ಡಮರಕ್ಕೆ ಕಟ್ಟಿದ ದಿಂಬು

ಬೀದಿಯವರೆಲ್ಲ ಅವಳನ್ನು ದಿಂಬಕ್ಕ ಎಂದೇ ಕರೆಯುತ್ತಿದ್ದರು. ಕಂಬಳಿ ನೇಯುವವಳು. ಮಗ್ಗದಲ್ಲಿ ಕೂತವರ ಎದೆಗೆ ತಾಗಿಕೊಂಡೇ ಒಂದು ಅಡ್ಡಮರ ಇರುತ್ತದೆ. ನೇಯ್ದ ಬಟ್ಟೆ ಅದರ ಮೇಲೆ ಹಾದು ಬರುತ್ತದೆ. ಬಾಚಣಿಗೆಯಂಥ ಹಣಿಗೆ ಎಳೆದು ಎಳೆ ಬಿಗಿ ಮಾಡಿದಾಗಲೆಲ್ಲ ಆ ಮರ ಎದೆಗೆ ಗುದ್ದುತ್ತದೆ. ದಿಂಬಕ್ಕ ಅದಕ್ಕೆ ಹಳೆಬಟ್ಟೆ ತುಂಬಿದ ಉದ್ದನೆಯ ದಿಂಬು ಕಟ್ಟಿಕೊಂಡೇ ಕೂರುತ್ತಿದ್ದಳು. ಮಗ್ಗಕ್ಕೂ ಹಾಸಿಗೆ ಹಾಸಿಕೊಟ್ಟ ಮಹಾತಾಯಿ ಎಂದು ಓರಗೆಯ ನೇಕಾರರು ನಗುತ್ತಿದ್ದರು. ನಕ್ಕವರಿಗೆ ಅವಳೂ ಎರಡು ಮಾತು ಒಗೆಯುತ್ತಿದ್ದಳು, ದಿಂಬನ್ನು ಮಾತ್ರ ಬಿಚ್ಚುತ್ತಿರಲಿಲ್ಲ.

ಬಿಚ್ಚಲು ಧೈರ್ಯವಿರಲಿಲ್ಲ. ಅವಳ ಅಮ್ಮ ಇದೇ ಮಗ್ಗದಲ್ಲಿ ಸವೆದವಳು. ಎದೆಯಲ್ಲಿ ನಿಂಬೆಯಷ್ಟಿದ್ದ ಗೆಡ್ಡೆ ನೋಡನೋಡುತ್ತಿದ್ದಂತೆ ಮುಷ್ಟಿಗೆ ಮೀರಿ ಬೆಳೆದು, ಶ್ವಾಸಕೋಶಕ್ಕೂ ಹರಡಿ ಅವಳನ್ನು ತೆಗೆದುಕೊಂಡು ಹೋಯಿತು. ಅಮ್ಮನ ನಂತರ ಮಗ್ಗಕ್ಕೆ ಕೂತ ಅಕ್ಕನಿಗೂ ಅದೇ. ಒಂದು ಮೊಲೆ ತೆಗೆಸಿಕೊಂಡು ಜೀವ ಉಳಿಸಿಕೊಂಡಳು, ಆಮೇಲೆ ಮಗ್ಗದ ಕಡೆ ತಲೆಹಾಕಿಯೂ ಮಲಗಲಿಲ್ಲ. ತೀರಾ ಅಪರೂಪದ ಗೆಡ್ಡೆ, ಒಳಗೆ ಎಲೆ ಎಲೆಯಾಗಿ ಬೆಳೆಯುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು.

ರಕ್ತದಲ್ಲೇ ಬಂದದ್ದು ಎಂದು ಬೀದಿ ತೀರ್ಪು ಕೊಟ್ಟಿತು. ದಿಂಬಕ್ಕ ಒಪ್ಪಲಿಲ್ಲ. ಮರದ ಗುದ್ದಿನಿಂದ ಬಂದದ್ದು ಎಂದು ಹಟ ಹಿಡಿದಳು. ರಕ್ತ ಎಂದರೆ ಮುಂದೆ ತನ್ನ ಸರದಿ, ಆಮೇಲೆ ಮಗಳದ್ದು. ಮರ ಎಂದರೆ ಒಂದು ದಿಂಬು ಕಟ್ಟಿದರಾಯಿತು. ಹೆತ್ತವಳು ಇನ್ಯಾವುದನ್ನು ನಂಬಿಯಾಳು? ಅರ್ಧ ಆಯಸ್ಸು ಮಗ್ಗದಲ್ಲೇ ಕೂತರೂ ಅವಳಿಗೆ ಏನೂ ಆಗಲಿಲ್ಲ. ಎಲ್ಲ ದಿಂಬಿನ ಪುಣ್ಯ ಎಂದುಕೊಂಡಳು.

ಮಗಳ ವಿಷಯದಲ್ಲಿ ದಿಂಬನ್ನೂ ನಂಬಲಿಲ್ಲ. ಪುಟ್ಟ ಹುಡುಗಿ ಅಡ್ಡಮರ ಹಿಡಿದು ನಿಂತದ್ದಕ್ಕೆ ಲಾಳಿಯಿಂದಲೇ ಕೈಗೆ ಬಡಿದಿದ್ದಳು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಯಾರಾದರೂ ಮೆಚ್ಚಿ ಹೇಳಿದರೂ ಅವಳಿಗೆ ಮೈ ಉರಿಯುತ್ತಿತ್ತು. ಹುಡುಗಿ ಬೆಳೆದು ಕನ್ನಡಕದ ಅಂಗಡಿ ಸೇರಿದಳು. ದಿನವಿಡೀ ಗಾಜು ಒರೆಸುವ ಕೆಲಸ. ದಿಂಬಕ್ಕ ಅಂತೂ ಗೆದ್ದೆ ಎಂದು ನಿಟ್ಟುಸಿರು ಬಿಟ್ಟಳು.

ಒಂದು ಬೆಳಿಗ್ಗೆ ಮಗಳು ಸ್ನಾನ ಮುಗಿಸಿ ಬಂದು, ದಿಂಬಕ್ಕನ ಕೈ ಹಿಡಿದು ತನ್ನ ಎದೆಯ ಮೇಲೆ ಇಟ್ಟುಕೊಂಡಳು. ಬೆರಳಿಗೆ ತಾಗಿದ್ದೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಮ್ಮನದನ್ನೂ ಅಕ್ಕನದನ್ನೂ ಮುಟ್ಟಿದ್ದ ಕೈ ಅದು.

ಸೂಜಿ ಹಾಕಿ ತೆಗೆದ ಚೂರಿನಲ್ಲಿ ಅದೇ ಗೆಡ್ಡೆ ಎಂದು ಬಂತು. ಬೇಗ ಕೊಯ್ದು ತೆಗೆಯಬೇಕು, ಎಷ್ಟು ಕೆಟ್ಟದ್ದೆಂಬುದು ತೆಗೆದ ಮೇಲೇ ಗೊತ್ತಾಗುವುದು ಎಂದರು ಡಾಕ್ಟರಮ್ಮ. ಇವಳು ಮಗ್ಗ ಮುಟ್ಟಿದವಳೇ ಅಲ್ಲ, ಇವಳಿಗೆ ಹೇಗೆ ಬಂತು ಎಂದು ದಿಂಬಕ್ಕ ಕೇಳಿದಳು.

"ಪೆಟ್ಟಿಂದ ಇದು ಬರಲ್ಲಮ್ಮ. ಸಾಮಾನ್ಯವಾಗಿ ಮನೆತನದಲ್ಲೂ ಬರಲ್ಲ. ಆದ್ರೆ ನಿಮ್ಮ ಮನೇಲಿ ಇವಳು ಮೂರನೆಯವಳು. ಎಲ್ಲೋ ಕೆಲವು ಕುಟುಂಬಗಳಲ್ಲಿ ಹೀಗಾಗಿದೆ, ಯಾಕೆ ಅಂತ ಪೂರ್ತಿ ಗೊತ್ತಿಲ್ಲ. ನಿಮ್ಮಿಬ್ಬರ ರಕ್ತ ಪರೀಕ್ಷೆ ಮಾಡಿಸೋಣ. ಅದರಲ್ಲೂ ಉತ್ತರ ಸಿಗದೇ ಹೋಗಬಹುದು."

"ಮರದಿಂದ ಬಂತು ಅಂತ ಹೇಳ್ಬಿಡಿ ತಾಯಿ," ಎಂದು ದಿಂಬಕ್ಕ ಕೈಮುಗಿದಳು. "ಒಂದು ಮಾತು. ನಿಮಗೇನು ನಷ್ಟ?"

ಡಾಕ್ಟರಮ್ಮ ಸುಳ್ಳು ಹೇಳಲಿಲ್ಲ. ರಕ್ತ ಕೊಡುವಾಗ ದಿಂಬಕ್ಕ ಕೊಳವೆಯನ್ನೇ ನೋಡುತ್ತಿದ್ದಳು. ಎಲ್ಲರ ರಕ್ತದಂತೆ ಕೆಂಪಗೇ ಇತ್ತು.

ಮನೆಗೆ ಬಂದವಳೇ ಕತ್ತರಿ ತೆಗೆದುಕೊಂಡು ದಿಂಬನ್ನು ಸೀಳಿದಳು. ಚಿಂದಿಗಳ ನಡುವೆ ನೆಲದ ಮೇಲೆ ಕುಸಿದು ಕೂತಳು. ನಾನೇ ಕೊಟ್ಟೆ, ಹಾಲಿನ ಜೊತೆಗೇ ಕುಡಿಸಿದೆ ಎಂದು ಎದೆ ಎದೆ ಬಡಿದುಕೊಂಡಳು. ಮಗಳು ನೀರು ತಂದುಕೊಟ್ಟರೆ ಬೇಡವೆಂದಳು. ಎರಡು ದಿನ ಅನ್ನ ಮುಟ್ಟಲಿಲ್ಲ, ಕಾಯಿಲೆಯ ಮಗಳೇ ಅವಳನ್ನು ನೋಡಿಕೊಳ್ಳುವಂತಾಯಿತು.

ಕೊನೆಗೆ ಮಗಳು ಪಕ್ಕದಲ್ಲಿ ಬಂದು ಕೂತಳು.

"ಬೈಯಲ್ಲ ಅಂದ್ರೆ ಒಂದು ಹೇಳ್ತೀನಿ. ನೀನು ನೂಲು ತರೋಕೆ ಹೋದಾಗೆಲ್ಲ ನಾನು ಮಗ್ಗದಲ್ಲಿ ಕೂತು ನೇಯ್ತಿದ್ದೆ. ಆ ದಿಂಬು ಅಡ್ಡ ಬರ್ತಿತ್ತು ಅಂತ ಬಿಚ್ಚಿಡ್ತಿದ್ದೆ. ಆಮೇಲೆ ಹಾಗೇ ಕಟ್ಟಿಡ್ತಿದ್ದೆ."

ದಿಂಬಕ್ಕ ತಲೆಯೆತ್ತಿ ಮಗ್ಗದ ಮೇಲಿನ ಅರ್ಧ ಕಂಬಳಿಯನ್ನು ನೋಡಿದಳು. ಒಬ್ಬೊಬ್ಬರ ಹಣಿಗೆಯ ಹೊಡೆತ ಒಂದೊಂದು ತೆರ. ತನ್ನ ಕಂಬಳಿಯಲ್ಲಿ ಇನ್ನೊಬ್ಬರ ಕೈಯ ಒಂದೇ ಒಂದು ಎಳೆ ಇದ್ದರೂ ಅವಳ ಕಣ್ಣಿಗೆ ಬೀಳದೆ ಹೋಗುತ್ತಿರಲಿಲ್ಲ. ಇಷ್ಟು ವರ್ಷಗಳಲ್ಲಿ ಅಂಥ ಎಳೆ ಅವಳು ಕಂಡಿರಲಿಲ್ಲ.

ಮಗಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಹೇಳಿದ ಮಾತು ಕೇಳಿದ್ರೆ ಹೀಗಾಗ್ತಿತ್ತಾ?" ಎಂದಳು. "ಮುಟ್ಟಬೇಡ ಅಂತ ಬಡ್ಕೊಂಡೆ ತಾನೇ?"

ಬೀದಿಗೆಲ್ಲ ಕೇಳುವ ಹಾಗೆ ಬೈದಳು. ಮಗಳು ತಲೆತಗ್ಗಿಸಿ ಬೈಸಿಕೊಂಡಳು. ಬೈಯುತ್ತಲೇ ದಿಂಬಕ್ಕ, ಎಲ್ಲಾದರೂ ನೇಕಾರರ ಕೈಯಂತೆ ಜಡ್ಡುಗಟ್ಟಿದ ಒಂದು ಜಾಗ ಸಿಕ್ಕೀತೇ ಎಂದು ಆ ಮೆತ್ತನೆಯ ಅಂಗೈಯನ್ನು ಮತ್ತೆ ಮತ್ತೆ ತಡವುತ್ತಿದ್ದಳು.