ಶಾಂತಾಬಾಯಿ ಮೈದಾನಕ್ಕೆ ನುಗ್ಗಿದ್ದು

ಮೊಣಕಾಲು ಕೈಕೊಟ್ಟ ಮೇಲೆ ಕ್ಲಬ್ಬಿನ ಆಟ ಬಿಟ್ಟು, ಔರಾದಿನಲ್ಲಿ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತಿದ್ದೇನೆ. ಡಾಬಕಾದ ಸುನೀತಾ ಚೆನ್ನಾಗಿ ಆಡುತ್ತಿದ್ದರೂ ಬೀದರಿನ ಪಂದ್ಯಕ್ಕೆ ಕಳಿಸಲು ಅವಳ ತಾಯಿ ಶಾಂತಾಬಾಯಿ ಒಪ್ಪಲಿಲ್ಲ.

"ಕೂಸಿಗಿ ಪೆಟ್ಟಾದ್ರ ಹ್ಯಾಂಗ್ರಿ ಮೇಡಂ?"

"ನೀವೂ ಬರ್ರಿ ಅಕ್ಕಾ, ನೋಡ್ರಿ," ಎಂದೆ.

ಬಂದರು. ಆಟದ ನಡುವೆ ಎದುರಾಳಿ ಹುಡುಗಿ ಡಿಕ್ಕಿ ಹೊಡೆದು ಸುನೀತಾ ಬಿದ್ದಳು. ನಾನು ಏಳುವಷ್ಟರಲ್ಲಿ ಶಾಂತಾಬಾಯಿ ಮೈದಾನಕ್ಕೆ ನುಗ್ಗಿ, "ಯಾಕ ಕೆಡವಿದಿ?" ಎಂದು ಆ ಹುಡುಗಿಯನ್ನು ಗದರುತ್ತಿದ್ದರು. ರೆಫರಿ ಅವರಿಗೆ ಕೈಮುಗಿದು, ನನಗೆ ಹಳದಿ ಕಾರ್ಡು ತೋರಿಸಿದ.

ಸುನೀತಾ ಧೂಳು ಕೊಡವಿಕೊಂಡು ಎದ್ದಳು. "ಅವ್ವಾ, ನೀ ಹೊರಗ ನಡಿ. ನಾ ನೋಡ್ಕೋತೇನಿ." ಸ್ವಲ್ಪ ಹೊತ್ತಿಗೆ ಅವಳೇ ಗೋಲು ಹೊಡೆದಳು.

ಈಗ ಶಾಂತಾಬಾಯಿ ಒಂದು ಪಂದ್ಯವನ್ನೂ ಬಿಡುವುದಿಲ್ಲ. ನನ್ನ ಕಣ್ಣು ಆಟದ ಮೇಲಿದ್ದರೂ, ಒಂದು ಕೈ ಮಾತ್ರ ಅವರ ಸೆರಗು ಹಿಡಿದೇ ಇರುತ್ತದೆ.