ಪಾದ್ರಿ ಕಾಕಾ ಎತ್ತಿದ ಹಾಸು

ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಕಾಲು ಬರಿದು. ಎದುರು ಮನೆಯ ಹೊಸ್ತಿಲಲ್ಲಿ ಪಾದ್ರಿ ಕಾಕಾ ಹಾಗೇ ನಿಂತಿರುತ್ತಿದ್ದರು. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಿಂದ ರೋಣದ ಗಾಡಿಯ ಹಾರ್ನ್ ಕೇಳಿದರೆ ಸಾಕು, ಓದುತ್ತಿದ್ದ ಪುಸ್ತಕ ಮಗುಚಿಟ್ಟು ಎದ್ದು ಬರುವರು. ಒಂದು ಚಪ್ಪಲಿ ಮೆಟ್ಟಿ, ಎರಡನೆಯದಕ್ಕೆ ಕಾಲು ಚಾಚಿ, ತಡೆದು ನಿಲ್ಲುವರು. ಮನೆ ಬಿಟ್ಟ ಮಗನನ್ನು ಹೋಗಿ ಹುಡುಕುವುದೋ, ಇಲ್ಲೇ ಕಾಯುವುದೋ ಆ ಕಾಲಿಗೇ ತಿಳಿಯದು. ನೋಡಿ ನೋಡಿ ನನಗೆ ಸಿಟ್ಟು ಬರುತ್ತಿತ್ತು.

ನಮ್ಮದು ನೇಕಾರರ ಓಣಿ. ಅವರು ಊರಿನ ಸಣ್ಣ ಚರ್ಚಿನ ಪಾದ್ರಿ. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಮಗನನ್ನು ಕಟ್ಟಿಕೊಂಡು ನಮ್ಮೆದುರಿಗೆ ಬಾಡಿಗೆಗೆ ಬಂದರು. ದೊಡ್ಡವರಿಗೆ ಪಾದ್ರಿ ಸಾಹೇಬ್ರು, ನಮಗೆ ಪಾದ್ರಿ ಕಾಕಾ. ನಮ್ಮವ್ವ ಮಾತಿಗೊಮ್ಮೆ "ಎಲ್ಲಾ ದೇವರ ಇಚ್ಛಾ" ಅನ್ನುವವಳು. ಹಾಲು ಉಕ್ಕಿ ಒಲೆ ಆರಿದರೂ ಅದೇ ಮಾತು. ಕಾಕಾ ನಕ್ಕುಬಿಡುವರು. "ಅಕ್ಕಾರ, ಹಾಲು ಉಕ್ಕಿದ್ದನ್ನೂ ಅವನ ತಲಿಮ್ಯಾಲ ಹಾಕಬ್ಯಾಡ್ರಿ. ಅದರಾಗ ನಿಮ್ಮ ಪಾಲೆಷ್ಟು, ಅದನ್ನ ಹೇಳ್ರಿ."

ನಗು ಬೀದಿಗೆ ಮಾತ್ರ. ಮನೆಯೊಳಗೆ ಮಗ ಕುಡಿದು ಕುಡಿದು ಹಾಳಾಗಿದ್ದ. ದವಾಖಾನೆಯಲ್ಲಿ ಡಾಕ್ಟರು, ಇನ್ನು ಮುಟ್ಟಿದರೆ ಜೀವ ಉಳಿಯುವುದಿಲ್ಲ ಎಂದು ಹೇಳಿಯೇ ಕಳಿಸಿದ್ದರು. ಕೆಲವು ವಾರ ಅವನು ತಡೆದುಕೊಂಡ. ಕಾಕಾ ಅವನಿಗೆ ತಾವೇ ಅಂಬಲಿ ಕಾಸಿ ಕುಡಿಸಿದರು.

ಆ ದಿನ ಬೆಳಿಗ್ಗೆ ನಾವು ಹಾಸು ಚಾಚಿದ್ದೆವು. ಸೀರೆಯ ಉದ್ದನೆಯ ಎಳೆಗಳಿಗೆ ನಾವು ಹಾಸು ಅನ್ನುತ್ತೇವೆ. ಅವನ್ನು ಓಣಿಯುದ್ದಕ್ಕೂ ಬಿಗಿದು, ಗಂಜಿ ಹಚ್ಚಿ, ಒಣಗಿಸಬೇಕು. ಓಣಿ ಇಕ್ಕಟ್ಟು. ಎದುರು ಸಾಲಿನವರು ಹೊರಗೆ ಹೋಗಬೇಕಾದರೆ "ಎತ್ರಿ" ಎಂದು ಕೇಳಬೇಕು. ಅಡಿಯಿಂದ ಕೋಲು ಕೊಟ್ಟು ಮೆಲ್ಲಗೆ ಎತ್ತಿದರೆ ಅವರು ಬಗ್ಗಿ ದಾಟುತ್ತಾರೆ. ಕೇಳದೆ ಯಾರೂ ದಾಟುವುದಿಲ್ಲ, ಕೇಳಿದವರಿಗೆ ಯಾರೂ ಇಲ್ಲ ಅನ್ನುವುದಿಲ್ಲ.

ಮಗ ಕೈಚೀಲ ಹಿಡಿದು ಹೊರಗೆ ಬಂದ. "ಎತ್ರಿ."

"ಎಲ್ಲಿಗಪಾ?" ಅಂದ ನಮ್ಮಪ್ಪ.

"ರೋಣಕ್ಕ."

ರೋಣದಲ್ಲಿ ಅವನ ಕುಡಿತದ ಗೆಳೆಯರಿದ್ದದ್ದು ಓಣಿಗೆಲ್ಲ ಗೊತ್ತು. ಅಪ್ಪ ಕೋಲನ್ನು ಕೆಳಗಿಟ್ಟ. "ಗಂಜಿ ಹಸಿ ಐತಿ. ಸಂಜಿ ತನಕಾ ಎತ್ತೂದಿಲ್ಲ."

ನಮ್ಮ ಓಣಿಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ಅವನು ಹಾರಿ ಹೋಗಬಹುದಿತ್ತು, ಹೋಗಲಿಲ್ಲ. ಒಳಗಿನಿಂದ ಕಾಕಾ ಬಂದರು.

"ಸಾಹೇಬ್ರ, ನೀವು ಒಳಗ ನಡೀರಿ. ಇವತ್ತೊಂದು ದಿನ ತಡದ್ರ ನಾಳಿ ಬುದ್ಧಿ ಬರ್ತೈತಿ" ಅಂದ ಅಪ್ಪ.

ಕಾಕಾ ಮಗನ ತೋಳು ಹಿಡಿದರು. "ಹೋಗಬ್ಯಾಡೋ ತಮ್ಮಾ. ನಿನ್ನ ಕಾಲಿಗೆ ಬೀಳ್ತೀನಿ."

"ಎತ್ರಿ ಅಂದೆ" ಅಂದ ಅವನು, ಯಾರ ಮುಖವನ್ನೂ ನೋಡದೆ.

ಕಾಕಾ ತೋಳು ಬಿಟ್ಟರು. ತಮ್ಮ ಗೋಡೆಗೆ ಒರಗಿಸಿದ್ದ ಕೋಲು ತಗೊಂಡು ಹಾಸನ್ನು ತಾವೇ ಎತ್ತಿದರು. ರೂಢಿಯಿಲ್ಲದ ಕೈ, ಎಳೆಗಳು ಪಟಪಟನೆ ಹರಿದವು. ಮಗ ಬಗ್ಗಿ ದಾಟಿ ಹೋದ. ಅಪ್ಪ ಮೈಮೇಲೆ ಬಂದವನಂತೆ ಕೂಗಿದ, "ಕೈಯಾರೆ ಕೊಂದ್ರಿ ನೀವು ಅವನ್ನ." ಮಗ ಓಣಿಯ ತಿರುವಿನಲ್ಲಿ ಮರೆಯಾದರೂ ಕಾಕಾ ಕೋಲನ್ನು ಎತ್ತಿಯೇ ಹಿಡಿದಿದ್ದರು.

ಸಂಜೆ ನಾನು ಜಗಳಕ್ಕೇ ಹೋದೆ. "ನಿಮ್ಮ ದೇವರಿಗೆ ಎಲ್ಲಾ ಮಾಡಾಕ ಬರ್ತೈತಿ ಅಂತೀರಿ. ಅವನ ಕಾಲು ತಿರುಗಸಾಕ ಬರೂದಿಲ್ಲೇನು?"

"ಬರ್ತೈತಿ. ನಿನ್ನ ನಾಲಿಗಿ ಕಟ್ಟಾಕೂ ಬರ್ತೈತಿ" ಎಂದು ನಗಲು ನೋಡಿದರು, ಆಗಲಿಲ್ಲ. "ಮಾಡಂಗಿಲ್ಲ ಅವ. ಅಷ್ಟು ಶಕ್ತಿ ಇದ್ದಾವ ಬಾಗಿಲ ಹೊರಗ ನಿಂತು ಕಾಯ್ತಾನ. ಅವನಽ ಕೀಲಿ ಹಾಕದಾಗ ನಾ ಹ್ಯಾಂಗ ಹಾಕ್ಲಿ?" ಆಮೇಲೆ ತಾವೇ ಅಂದರು, "ರವಿವಾರ ಇದನ್ನಽ ಹೇಳಿ ಬರ್ತೀನಿ. ಸೋಮವಾರ ನನಗಽ ಖರೇ ಅನಸಂಗಿಲ್ಲ."

ಇನ್ನೊಮ್ಮೆ ಅವರನ್ನು ಸಮಾಧಾನ ಮಾಡಲು ನಮ್ಮ ಮಗ್ಗದ ಮಾತು ತೆಗೆದೆ. ಹಾಸು ದೇವರದು, ಅಡ್ಡ ನೇಯುವ ಹೊಕ್ಕು ನಮ್ಮದು, ಅಲ್ಲಿಗೆ ಮುಗಿಯಿತಲ್ಲ ಅಂದೆ. ಅಲ್ಲವೆಂದು ತಲೆಯಾಡಿಸಿದರು. "ಹಂಗ ಪಾಲು ಹಂಚಿದ್ರ ಅವ ಸಣ್ಣಾವ ಆಗ್ತಾನವ್ವಾ. ಎಲ್ಲಾ ಅವನದಽ. ಆದ್ರೂ ಅವತ್ತ ಕೋಲು ಎತ್ತಿದ ಕೈ ನಂದಽ. ಎರಡೂ ಖರೇ. ಹ್ಯಾಂಗ ಅಂತ ಮಾತ್ರ ಕೇಳಬ್ಯಾಡ."

ಆಮೇಲೆ ವರ್ಷಗಟ್ಟಲೆ ಮಗ ಬರಲಿಲ್ಲ. ನರಗುಂದದ ಖಾನಾವಳಿಯೊಂದರಲ್ಲಿ ಕಂಡ ಅಂದರು ಒಬ್ಬರು. ಕಾಕಾ ಹೋಗಿ ಬಂದರು, ಅಲ್ಲಿರಲಿಲ್ಲ. ಅಂದಿನಿಂದ ಮನೆಗೆ ಚಿಲಕ ಹಾಕುವುದನ್ನೇ ಬಿಟ್ಟರು. ಅಪ್ಪ ಬೈಯುತ್ತಲೇ ಅವರ ಮನೆ ಕಾಯ್ದ. ಬಂದ ಒಂದು ಸಂಬಂಧ ಬೇಡವೆಂದು ನಾನು ಮನೆಯಲ್ಲಿ ಹಟ ಹಿಡಿದಾಗ ನನ್ನ ಪರ ನಿಂತವರು ಅವರೊಬ್ಬರೇ. "ಆಕಿ ಒಲ್ಲೆ ಅಂದಾಳ, ಕೇಳ್ಸಿತೇನ್ರಿ?" ಎಂದು ಅಪ್ಪನಿಗೆ ಅಂದರು, ಅಷ್ಟೇ. ಆ ಒಂದು ಮಾತಿನ ಋಣ ನನ್ನ ಮೇಲಿದೆ.

ಹಾರ್ನ್ ಕೇಳಿ ಎದ್ದವರು ಒಂದು ದಿನ ಹೊಸ್ತಿಲಲ್ಲೇ ಕುಸಿದರು. ಒಂದು ಕಾಲಿಗೆ ಚಪ್ಪಲಿ ಇತ್ತು. ಚರ್ಚಿನವರೂ ಓಣಿಯವರೂ ಸೇರಿ ಮಣ್ಣು ಮಾಡಿದೆವು.

ಮುಂದಿನ ವಾರ ಹಾಸು ಚಾಚಿದ್ದಾಗ ಮಗ ಬಂದ. ತಲೆ ನೆರೆತಿತ್ತು, ಕಣ್ಣು ಹಳದಿ. ಹಾಸಿನ ಈಚೆ ನಿಂತು, ಚಿಲಕವಿಲ್ಲದೆ ಬರೀ ಮುಂದೆ ಮಾಡಿದ್ದ ಆ ಬಾಗಿಲನ್ನೇ ನೋಡಿದ.

"ಅವತ್ತ ಅಪ್ಪ ಎತ್ತಬಾರದಿತ್ತು" ಅಂದ.

ಮುದುಕನಾದ ನಮ್ಮಪ್ಪ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡ. ಗೆದ್ದವನ ಮುಖವಿರಲಿಲ್ಲ ಅವನದು. ಎತ್ತು ಎಂದು ಕೇಳಿದವನು ನೀನೇ ಅಲ್ಲವೇನೋ ಎನ್ನಬೇಕೆಂದು ನನ್ನ ಬಾಯಿತುದಿಗೆ ಬಂತು. ಕೋಲು ಕೈಯಲ್ಲಿತ್ತು. ಕತ್ತು ಹಿಡಿದು ಆ ಮನೆಯೊಳಗೆ ನೂಕಲೇ ಅನ್ನಿಸುತ್ತಿತ್ತು. ಅವನು ತಿರುಗಿ ಹೋಗಲೂಬಹುದಿತ್ತು. ಅವನೇ ಕೇಳಲೆಂದು ಕಾಯ್ದೆ.

"ಎತ್ರಿ, ಅಕ್ಕಾ."

ಎತ್ತಿದೆ. ಬಗ್ಗಿ ದಾಟಿದ. ಬಾಗಿಲು ತಳ್ಳಿ ಒಳಗೆ ಹೋದ. ಒಳಗಿನಿಂದ ಅಳುವ ಸದ್ದು ಬಂತು.

"ಇನ್ನ ಇಳಸವ್ವಾ, ಅವ ಒಳಗ ಹ್ವಾದ" ಅಂದ ಅಪ್ಪ.

ನೋಡಿದರೆ ಹಾಸನ್ನು ನಾನಿನ್ನೂ ಎತ್ತಿಯೇ ಹಿಡಿದಿದ್ದೆ.