ಉಲ್ಟಾ ನೋಡಿದ ಮೂರನೇ ಭಾಗ

ಜೋಳದ ಹೊಲಕ್ಕೆ ಗಿಳಿ ಕಾಟ ಜಾಸ್ತಿಯಾಯಿತೆಂದು ಅಕ್ಕನ ಮಗ ಅಟ್ಟದ ಮೇಲಿದ್ದ ಹಳೇ ಸೀಡಿಗಳನ್ನೆಲ್ಲ ದಾರಕ್ಕೆ ಕಟ್ಟಿ ನೇತುಹಾಕಿದ್ದ. ಬಿಸಿಲಿಗೆ ಒಂದು ಫಳ್ಳನೆ ಹೊಳೆದು ಕಣ್ಣಿಗೆ ಹೊಡೆಯಿತು. ಗಿಳಿ ಹೆದರಿತೋ ಇಲ್ಲವೋ, ನನಗಂತೂ ಹುಣಸೂರಿನ ಸೀಡಿ ಅಂಗಡಿ ಅಣ್ಣ ನೆನಪಾಗಿ ಮೈ ಹಿಡಿಯಷ್ಟಾಯಿತು.

ಆಗ ನಾನು ರಾವಂದೂರಿಂದ ಹುಣಸೂರಿಗೆ ಡಿಗ್ರಿ ಓದಲು ಹೋಗುತ್ತಿದ್ದೆ. ಬಸ್ ಸ್ಟ್ಯಾಂಡ್ ಪಕ್ಕದ ಆ ಅಂಗಡಿ ಮುಂದೆ ಒಂದು ಬೆಂಚು. ಬಸ್ಸು ಬರುವ ತನಕ ಅಲ್ಲಿ ನಮಗೆಲ್ಲ ಒಂದೇ ಮಾತು: ಮುಸುಕು ಹಾಕಿಕೊಂಡು ಆಕಾಶದಲ್ಲಿ ಹಾರುವ ಆ ಇಂಗ್ಲಿಷ್ ವೀರನ ಸಿನಿಮಾಗಳು. ಮೊದಲನೇ ಭಾಗ ಮೇಲೋ, ಎರಡನೇದೋ? ವಿಲನ್‌ಗೆ ತೂಕ ಇದೆಯೋ? ಅಂಥಾ ವೀರ ಅಳಬಹುದೋ? ಅಯ್ಯಯ್ಯೋ, ಆಸ್ತಿ ಪಾಲಿಗೂ ಯಾರೂ ಅಷ್ಟು ಜಗಳ ಆಡಿರಲಿಕ್ಕಿಲ್ಲ. ಹೊಸ ಭಾಗ ಬಂದರೆ ಒಬ್ಬ ಮೊದಲು ನೋಡಿ ತೀರ್ಪು ಹೇಳಬೇಕು, ಅಣ್ಣ ಅದನ್ನು ಬಾಗಿಲ ಸ್ಲೇಟಿನ ಮೇಲೆ ಬರೆಯಬೇಕು. ಇಂಗ್ಲಿಷ್ ನಾಲ್ಕಕ್ಷರ ಬರುತ್ತದೆಂದು ಆ ಮರ್ಯಾದೆ ನನ್ನದೇ.

ಮೂರನೇ ಭಾಗ ಬಂತು. ಎರಡು ಸೀಡಿ, ಮೇಲೆ ಒಂದಕ್ಷರ ಇಲ್ಲ. "ಗೀಟು ಆಕಿರೋದು ಎರಡನೇದು ಕಣ್ಲಾ" ಅಂದಿದ್ದ ಅಣ್ಣ. ಬಸ್ಸಿಗೆ ಓಡುವ ಆತುರದಲ್ಲಿ ನನ್ನ ಕಿವಿಗೆ ಅದೆಲ್ಲಿ ಹೋಗಬೇಕು! ಮನೆಗೆ ಬಂದು ಗೀಟಿನದ್ದನ್ನೇ ಮೊದಲು ಹಾಕಿದೆ. ಅದು ಮುಗಿಯುವಷ್ಟರಲ್ಲಿ ವಿಲನ್ ಸತ್ತ. ಇನ್ನೊಂದು ಹಾಕಿದರೆ ಅವನೇ ಕೂತು ಕಾಫಿ ಕುಡಿಯುತ್ತಿದ್ದ. ಸಿನಿಮಾದ ಹೆಸರು ನಡುವಲ್ಲಿ ಬಂದಾಗಲೂ, ಆಹಾ ಎಂಥಾ ಹೊಸತನ ಅಂದುಕೊಂಡೆನಲ್ಲ...

ಮಾರನೇ ದಿನ ಬೆಂಚಿನ ಮೇಲೆ ನಿಂತು ಭಾಷಣವನ್ನೇ ಬಿಗಿದೆ. ಸಾವು ಮೊದಲು, ಬಾಳು ಆಮೇಲೆ, ಇಂಥಾ ಕಥೆ ಹೇಳೋಕೆ ಗುಂಡಿಗೆ ಬೇಕು ಎಂದೆ. ಅಣ್ಣ ಖುಷಿಯಾಗಿ ಸ್ಲೇಟಿನ ಮೇಲೆ ಬರೆದ: "ಮೂರರಲ್ಲಿ ಇದೇ ಗಟ್ಟಿ."

ಉಳಿದವರೂ ಸಿನಿಮಾ ನೋಡಿದರು. ಆ ವಾರವೇ ಬೆಂಚಿಗೆ ಬೆಂಚೇ ಹೊಟ್ಟೆ ಹಿಡಿದು ನಕ್ಕಿತು. "ಏನ್ಲಾ, ಸತ್ತವ್ನು ಎದ್ ಬಂದು ಕಾಫಿ ಕುಡುದ್ನಾ?" ನನಗೆ ಆಗ ಹೊಳೆಯಿತು. ಕಿವಿ ಕೆಂಡವಾಯಿತು. ಅಷ್ಟರಲ್ಲಿ ಅಣ್ಣ ಒಳಗಿಂದ ಬಂದು, "ಅವ್ನಿಗ್ ಕೊಡುವಾಗ ಗೀಟು ತೆಪ್ಪಾಗ್ ಆಕಿದ್ದು ನಾನು ಕಣ್ರಲಾ, ನಿಮ್ಗ್ ಕೊಡೋವಾಗ ಸರಿ ಮಾಡ್ದೆ. ಅವ್ನೇನ್ ಮಾಡಾನು?" ಎಂದ.

"ಇಲ್ಲ ಅಣ್ಣ, ನಾನೇ..."

"ನೀ ಸುಮ್ಕಿರ್ಲಾ."

ಯಾರೂ ನನ್ನ ಮಾತು ಕೇಳಲಿಲ್ಲ. ಅವತ್ತಿಂದ ಅವನಿಗೆ ಉಲ್ಟಾ ಅಣ್ಣ ಅಂತಲೇ ಹೆಸರು ಬಿತ್ತು. ಸೀಡಿ ಕೇಳಲು ಬಂದ ಚಿಳ್ಳೆಪಿಳ್ಳೆಗಳೂ "ಯಾವ್ದು ಮೊದ್ಲಣ್ಣ?" ಎಂದು ಕಿಚಾಯಿಸುತ್ತಿದ್ದವು. ಅವನು ನಗುತ್ತಿದ್ದ. ನನಗೆ ಆ ನಗು ನೋಡಲಾಗುತ್ತಿರಲಿಲ್ಲ. ನಾಚಿಕೆಗೆ ಅಂಗಡಿ ಕಡೆ ಹೋಗುವುದನ್ನೇ ಬಿಟ್ಟೆ, ಸುತ್ತು ಹಾಕಿ ಸ್ಟ್ಯಾಂಡಿಗೆ ಬರುತ್ತಿದ್ದೆ.

ಒಂದು ಸಲ ಬಸ್ಸಿನ ಕಿಟಕಿ ಹತ್ತಿರವೇ ಬಂದು ನಿಂತ. "ಯಾಕ್ಲಾ ಬರಾಕಿಲ್ಲ? ನಾಲ್ಕನೇದು ಬಂದದೆ. ಯಾರ್ಗೂ ಕೊಟ್ಟಿಲ್ಲ, ನಿಂಗೇಂತ ಮಡಗಿವ್ನಿ."

"ನಾಳೆ ಬತ್ತೀನಿ ಅಣ್ಣ" ಎಂದೆ. ಹೋಗಲಿಲ್ಲ. ಪರೀಕ್ಷೆ ಮುಗಿಯಿತು, ಹುಣಸೂರಿನ ಓಡಾಟವೂ ನಿಂತಿತು. ಅಣ್ಣ ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ತಿಥಿಯೂ ಮುಗಿದುಹೋಗಿತ್ತು.

ಹೊಲದ ಬದುವಿನಲ್ಲಿ ಅಕ್ಕನ ಮಗ ಫೋನಿನಲ್ಲಿ ಯಾರ ಜೊತೆಗೋ ಅದೇ ವೀರನ ಸಿನಿಮಾಗಳ ಬಗ್ಗೆ ಕಿತ್ತಾಡುತ್ತಿದ್ದ. ನನ್ನ ಕಡೆ ತಿರುಗಿ, "ಮಾವ, ಹಳೇ ಭಾಗಗಳಲ್ಲಿ ನಾಲ್ಕನೇದೇ ಬೆಸ್ಟು ಅಲ್ವಾ? ನೀವೇ ಹೇಳಿ" ಎಂದ.

"ನೋಡಿಲ್ಲ ಕಣೋ."

"ಅಯ್ಯೋ, ಅದನ್ನೇ ನೋಡಿಲ್ವಾ! ಯಾಕ್ ಮಾವ?"

ಪುರುಸೊತ್ತಾಗಲಿಲ್ಲ ಎಂದು ಸುಳ್ಳು ಹೇಳಿದೆ.